ಬೆರಿಲ್ ಅವರ ನೀಲಿ ವ್ಯಾಗನ್

ಯಾರೋ ಕೊಳ್ಳಬೇಕೆಂದಿರುವ ಹಳೆಯ ಕಾರನ್ನು ಅವರ ಪರವಾಗಿ ಹೋಗಿ ನೋಡಿ, ಅದರಲ್ಲಿ ಏನೇನು ಕೆಟ್ಟಿದೆ ಎಂದು ಬರೆದುಕೊಡುವುದು ನನ್ನ ಉದ್ಯೋಗವಾಗಿತ್ತು. 'ವೆಹಿಕಲ್ ಇನ್‌ಸ್ಪೆಕ್ಟರ್' ಎಂದರೆ ನಮ್ಮವರು ಮೊದಲು ಪೊಲೀಸ್ ಎಂದುಕೊಳ್ಳುತ್ತಿದ್ದರು, ಆಮೇಲೆ ಆರ್‌ಟಿಓ ಎಂದುಕೊಳ್ಳುತ್ತಿದ್ದರು, ಕೊನೆಗೆ 'ಓ, ಮೆಕ್ಯಾನಿಕ್ಕಾ' ಎಂದು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಮೈಸೂರಿನಲ್ಲಿ ವರ್ಕ್‌ಶಾಪ್ ನಡೆಸಿದವನು ನಾನು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಅಡಿಲೇಡಿನಲ್ಲಿ, ಆಮೇಲೆ ಬ್ರಿಸ್ಬೇನಿನಲ್ಲಿ, ಕೊನೆಗೆ ಪರ್ತ್‌ನಲ್ಲಿ ಈ ಕೆಲಸ ಮಾಡಿ ಈಗ ಆರಾಮಾಗಿ ಮನೆಯಲ್ಲಿ ಕೂತಿದ್ದೇನೆ.

ಇತ್ತೀಚೆಗೆ ಕನ್ನಡ ಸಂಘದವರ ಬಾರ್ಬಿಯಲ್ಲಿ, ಅಂದರೆ ಹಿತ್ತಲಲ್ಲಿ ಒಲೆ ಹಚ್ಚಿ ಎಲ್ಲರೂ ತಟ್ಟೆ ಹಿಡಿದು ನಿಲ್ಲುವ ಊಟದಲ್ಲಿ, ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ದಿನಾ ಬರೀ ಡೆಂಟು, ಸ್ಕ್ರಾಚು, ಆಯಿಲ್ ಲೀಕು ನೋಡಿ ನೋಡಿ ನಿಮ್ಗೆ ಬೇಜಾರಾಗ್ತಿರ್ಲಿಲ್ವಾ?" ತಟ್ಟೆಯಲ್ಲಿದ್ದ ಜೋಳ ಆರುತ್ತಿತ್ತು, ನಾನು ಏನೋ ಹಾರಿಕೆಯ ಉತ್ತರ ಕೊಟ್ಟೆ. ಸರಿಯಾದ ಉತ್ತರ ಇಲ್ಲಿದೆ.

ಅಡಿಲೇಡಿನಲ್ಲಿ ನನ್ನ ಮೊದಲ ಮೇಲಧಿಕಾರಿ ಟ್ರೆವರ್. ಆರಡಿ ಮೇಲಿನ ಆಳು, ಮಾತು ಬಹಳ ಕಡಿಮೆ. ಕಾರಿನ ಹತ್ತಿರ ಹೋದರೆ ಎರಡೂ ಕೈಯನ್ನು ಜೇಬಿನಲ್ಲಿಟ್ಟು ಒಂದು ಸುತ್ತು ಹಾಕುತ್ತಿದ್ದರು. "ಮುಟ್ಟಿದ ಕೂಡಲೇ ಕಣ್ಣು ಕೆಲಸ ನಿಲ್ಲಿಸುತ್ತೆ" ಎನ್ನುತ್ತಿದ್ದರು. ನನಗೆ ಅವರು ಹಾಕಿದ ಕಟ್ಟಳೆಗಳು ಎರಡೇ. ಒಂದು, ಮಾರುವವರ ಮನೆಯಲ್ಲಿ ಚಹಾ ಕುಡಿಯುವುದಾದರೆ ಕೆಲಸ ಮುಗಿದ ಮೇಲೆ. ಎರಡು, ಕಂಡದ್ದನ್ನು ಬರೆ. ತಗೋ ಎಂದಾಗಲಿ, ಬೇಡ ಎಂದಾಗಲಿ ಯಾರಿಗೂ ಹೇಳಬೇಡ.

ಮೊದಲನೆಯ ಕಟ್ಟಳೆ ಯಾಕೆಂದು ಗ್ಲೆನೆಲ್ಗ್‌ನಲ್ಲಿ ಗೊತ್ತಾಯಿತು. ಕಡಲ ದಂಡೆಯ ಅಪಾರ್ಟ್‌ಮೆಂಟಿನಲ್ಲಿ ನಮ್ಮವರೇ ಒಬ್ಬರು ಕಾರು ಮಾರುತ್ತಿದ್ದರು. ನನ್ನ ಹೆಸರು, ಊರು ಕೇಳಿದ್ದೇ ತಡ, "ಅಯ್ಯೋ, ಮೈಸೂರಿನೋರಾ! ಒಳಗ್ ಬನ್ನಿ ಮೊದ್ಲು" ಎಂದು ಕೈ ಹಿಡಿದು ಕೂರಿಸಿಬಿಟ್ಟರು. ಬಿಸಿ ಉಪ್ಪಿಟ್ಟು, ಫಿಲ್ಟರ್ ಕಾಫಿ, ಮೇಲೆ ಒಂದು ಚಕ್ಕುಲಿ. ಅದೆಲ್ಲ ಹೊಟ್ಟೆಗೆ ಹೋದ ಮೇಲೆ ಕೆಳಗಿಳಿದು ನೋಡಿದರೆ, ಉಪ್ಪು ಗಾಳಿಗೆ ಕಾರಿನ ತಳವೆಲ್ಲ ತುಕ್ಕು ಹಿಡಿದು ಹಪ್ಪಳ. ಆದರೂ ಕಂಡದ್ದನ್ನೇ ಬರೆದೆ. "ನಮ್ಮೋರೇ ಆಗಿ ಹಿಂಗ್ ಬರೆದ್ಬಿಟ್ರಲ್ಲ ಸಾರ್" ಎಂದು ಅವರು ಮುಖ ಊದಿಸಿಕೊಂಡರು. ಆಮೇಲೆ ಯಾವ ಕನ್ನಡದವರ ಮನೆಗೆ ಹೋದರೂ ನಾನು ಬಾಗಿಲಲ್ಲೇ ನಿಂತು "ಈಗಷ್ಟೇ ಊಟ ಆಯ್ತು" ಎಂದು ಶುರು ಮಾಡುತ್ತಿದ್ದೆ.

ಬ್ರಿಸ್ಬೇನಿಗೆ ಹೋದದ್ದು ಅಲ್ಲಿ ದೊಡ್ಡ ನೆರೆ ಬಂದು ಇಳಿದ ಮೇಲೆ. ನೀರಿನಲ್ಲಿ ಮುಳುಗಿದ್ದ ಕಾರುಗಳನ್ನು ತೊಳೆದು, ಒಣಗಿಸಿ, ಏನೂ ಆಗಿಲ್ಲವೆಂಬಂತೆ ಮಾರುವವರಿದ್ದರು. ಒಂದು ಕಾರಿನ ಬಾಗಿಲು ತೆಗೆದರೆ ಘಮ್ಮೆಂದು ಮಲ್ಲಿಗೆ ಊದುಬತ್ತಿಯ ವಾಸನೆ, ಡ್ಯಾಶ್‌ಬೋರ್ಡ್ ಮೇಲೆ ಪುಟ್ಟ ಗಣಪತಿ. ಕೊಳ್ಳಲು ಬಂದಿದ್ದ ನಮ್ಮ ಊರ ಕಡೆಯ ವಿದ್ಯಾರ್ಥಿಯೊಬ್ಬ ಕೈ ಮುಗಿದೇಬಿಟ್ಟ. ನಾನು ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದೆ. ಯಾರೂ ಅಷ್ಟು ದೂರ ಎಳೆಯುವುದಿಲ್ಲ, ಆದ್ದರಿಂದ ಅಲ್ಲಿ ಯಾರೂ ತೊಳೆಯುವುದಿಲ್ಲ. ಕೊನೆಯ ಗೇಣಿನಷ್ಟು ಪಟ್ಟಿಯಲ್ಲಿ ಹೊಳೆಯ ಕೆಸರು ಒಣಗಿ ಕೂತಿತ್ತು. ಹುಡುಗ ಮುಗಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದ.

ಪರ್ತ್‌ಗೆ ಬರುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಬೆರಳಿನ ಗಂಟಿನಿಂದ ತಗಡು ತಟ್ಟಿ, ಸದ್ದು ಕೇಳಿ, ಒಳಗೆ ಪುಟ್ಟಿ ತುಂಬಿದ್ದಾರೋ ಇಲ್ಲವೋ ತಿಳಿಯುತ್ತಿದ್ದೆವು. ಈಗ ಬಣ್ಣದ ದಪ್ಪ ಅಳೆಯುವ ಮೀಟರ್ ಬಂತು, ಟ್ಯಾಬ್ಲೆಟ್ ಬಂತು. ಟ್ಯಾಬ್ಲೆಟ್ ಕೇಳಿದ ಪ್ರಶ್ನೆಗೆ ಹಸಿರು ಒತ್ತಬೇಕು, ಇಲ್ಲ ಕೆಂಪು ಒತ್ತಬೇಕು. ನನಗೆ ಅದರ ಮೇಲೆ ದ್ವೇಷವಿಲ್ಲ, ಮಳೆಯಲ್ಲಿ ಕಾಗದ ನೆನೆಯುವ ಕಾಟ ತಪ್ಪಿತು. ಆದರೆ ಅದಕ್ಕೆ ತಪ್ಪು ಹುಡುಕುವುದು ಮಾತ್ರ ಗೊತ್ತು. ಚೆನ್ನಾಗಿದೆ ಎಂದು ಹೇಳಲು ಅದರಲ್ಲಿ ಜಾಗವೇ ಇರಲಿಲ್ಲ.

ಹಾಗಿರುವಾಗ ಒಂದು ಕೆಲಸ ಬಂತು. ಕೊಳ್ಳುವವನು ಬ್ರಿಸ್ಬೇನ್ ಕಡೆಯ ನಾರ್ತ್ ಲೇಕ್ಸ್‌ನಲ್ಲಿದ್ದ ಸುಹಾಸ್ ಎಂಬ ಬೆಂಗಳೂರಿನ ಎಂಜಿನಿಯರ್. ಕಾರು ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿ. ಜಾಹೀರಾತಿನಲ್ಲಿ ಬರೆದಿತ್ತು: ಅರವತ್ತರ ದಶಕದ ಅಮೆರಿಕನ್ ಸ್ಟೇಷನ್ ವ್ಯಾಗನ್, ಕಡಿಮೆ ಓಡಿದ್ದು, ಚೆನ್ನಾಗಿ ಕಾಪಾಡಿದ್ದು. 'ಕಡಿಮೆ ಓಡಿದ್ದು' ಎಂಬುದು ನಮ್ಮ ಉದ್ಯೋಗದಲ್ಲಿ ಅತಿ ಹೆಚ್ಚು ಕೇಳುವ ಸುಳ್ಳು. ಅಂಥ ಹಳೆಯ ಮೀಟರುಗಳು ಲಕ್ಷ ಮೈಲಿ ಆದ ಕೂಡಲೇ ಮತ್ತೆ ಸೊನ್ನೆಯಿಂದ ಶುರುವಾಗುತ್ತವೆ, ಅಜ್ಜನನ್ನು ಕೂಸು ಎಂದು ತೋರಿಸುವುದು ಬಹಳ ಸುಲಭ. ನಾನು ನಗುತ್ತಲೇ ಹೊರಟೆ.

ದೊಡ್ಡ ಶಾಪಿಂಗ್ ಸೆಂಟರಿನ ಹಿಂದಿನ ಬೀದಿ. ಇಟ್ಟಿಗೆಯ ಸಣ್ಣ ಮನೆ, ಹಿತ್ತಲಲ್ಲಿ ಮೈತುಂಬ ಕಾಯಿ ಬಿಟ್ಟ ನಿಂಬೆ ಮರ, ಅದರ ಪಕ್ಕ ತಗಡಿನ ಷೆಡ್ಡು. ಬಾಗಿಲು ತೆಗೆದವರು ಬೆರಿಲ್ ಎಂಬ ಅಜ್ಜಿ. ನೇರ ನೋಡದೆ, ಮುಖ ಒಂದಿಷ್ಟು ತಿರುಗಿಸಿ ಓರೆಯಾಗಿ ನನ್ನನ್ನು ನೋಡಿದರು. ಕಣ್ಣಿನ ನಡುಭಾಗ ಮಂಜಾಗಿದೆ, ಪಕ್ಕದ್ದು ಮಾತ್ರ ಚೆನ್ನಾಗಿ ಕಾಣುತ್ತದೆ ಎಂದು ಅವರೇ ಹೇಳಿದರು. ಷೆಡ್ಡಿನ ಬಾಗಿಲನ್ನು ಮಾತ್ರ ನನಗೆ ಬಿಡದೆ ತಾವೇ ಎಳೆದರು.

ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡೆ. ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಬಾಯಿಗೆ ಅಡ್ಡ ಹಿಡಿಯಬೇಕಾಗುತ್ತಿತ್ತು. ತಿಳಿನೀಲಿ ಬಣ್ಣದ ಕಾರು ಒಂದು ಕೋಣೆಯಷ್ಟು ಉದ್ದ ಮಲಗಿತ್ತು. ಹೊಸದಾಗಿ ಬಣ್ಣ ಹೊಡೆಸಿದ ಕಾರಿಗೆ ಒಂದು ಕಣ್ಣು ಕುಕ್ಕುವ ಹೊಳಪಿರುತ್ತದೆ, ಇದಕ್ಕೆ ಅದಿರಲಿಲ್ಲ. ಹಳೆಯ ರೇಷ್ಮೆ ಸೀರೆಯ ಹೊಳಪಿತ್ತು. ಮೂರು ಸಾಲು ಸೀಟು, ಕೊನೆಯ ಸಾಲು ಹಿಂದಕ್ಕೆ ಮುಖ ಮಾಡಿ.

"ನಿಮ್ಮ ಯಜಮಾನರದಾ?" ಎಂದು ಕೇಳಿದೆ.

"ಅವನಿಗೆ ಡ್ರೈವಿಂಗೇ ಬರ್ತಿರ್ಲಿಲ್ಲ, ಲವ್. ಸಾಯೋವರೆಗೂ ಬಸ್ಸು" ಎಂದರು ಬೆರಿಲ್. ಇಲ್ಲಿಯ ಅಜ್ಜಿಯರಿಗೆ ಎದುರಿಗಿದ್ದವರೆಲ್ಲ 'ಲವ್', ನಮ್ಮ 'ಮಗಾ' ಇದ್ದ ಹಾಗೆ. "ಬಂದೋರೆಲ್ಲ ಇದನ್ನೇ ಕೇಳ್ತಾರೆ. ಕಾರು ನಂದು. ನೋಡ್ಕೊಂಡಿದ್ದೂ ನಾನೇ."

ಬೆರಿಲ್ ಜೀವಮಾನವೆಲ್ಲ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡಿದವರು. ಯಾವ ಸ್ಕ್ರೂ ಯಾವ ಗಾಡಿಗೆ ಎಂದು ಬಾಯಲ್ಲೇ ಇರುತ್ತಿತ್ತಂತೆ, ಆದರೆ ಸ್ಪ್ಯಾನರ್ ಹಿಡಿಯಲು ಮಾತ್ರ ಆಗಿನ ಗಂಡಸರು ಬಿಡುತ್ತಿರಲಿಲ್ಲ. ಅಮೆರಿಕದ ಸಂಸಾರವೊಂದು ಹೊಸದಾಗಿ ತಂದಿದ್ದ ಈ ವ್ಯಾಗನ್ನನ್ನು ಬಿಟ್ಟು ಊರಿಗೆ ವಾಪಸ್ ಹೊರಟಾಗ ಬೆರಿಲ್ ಕೊಂಡುಕೊಂಡರು. ಇದರ ಮೇಲೇ ಕೆಲಸ ಕಲಿತರು. ದಿನದ ಓಡಾಟಕ್ಕೆ ಒಂದು ಚಿಕ್ಕ ಕಾರು ಬೇರೆ ಇತ್ತು. ಇದು ಹೊರಗೆ ಬರುತ್ತಿದ್ದದ್ದು ಭಾನುವಾರ ಬೆಳಗ್ಗೆ, ನದಿಯವರೆಗೆ ಹೋಗಿ ಬರಲು.

"ದಿನಾ ಓಡಿಸಿದ್ರೆ ಇದೂ ಕೆಲ್ಸ ಆಗ್ಬಿಡ್ತಿತ್ತು" ಎಂದರು.

ಮೀಟರ್ ಸುಳ್ಳು ಹೇಳಬಹುದು, ಕಾಲು ಹೇಳುವುದಿಲ್ಲ. ನಾನು ಮೊದಲು ಬಗ್ಗಿ ಪೆಡಲ್ ನೋಡಿದೆ. ಬ್ರೇಕಿನ ರಬ್ಬರಿನ ಗೆರೆಗಳು ಇನ್ನೂ ಚೂಪಾಗಿದ್ದವು. ಡ್ರೈವರ್ ಸೀಟಿನ ಅಂಚು ಕುಸಿದಿರಲಿಲ್ಲ. ಬಾಗಿಲನ್ನು ಒಂದು ಬೆರಳಿನಲ್ಲಿ ದೂಡಿದೆ, ಜೋತುಬೀಳದೆ ಹೋಗಿ ತಾನಾಗಿ ಕ್ಲಿಕ್ ಎಂದು ಕೂತಿತು. ಕೆಳಗೆ ನುಸುಳಿ ಟಾರ್ಚ್ ಹಾಕಿದರೆ ಎಲ್ಲಿಯೂ ತುಕ್ಕಿಲ್ಲ, ಬೆಸುಗೆಯ ತೇಪೆಯಿಲ್ಲ. ಬಣ್ಣದ ಮೀಟರ್ ಹಿಡಿದೆಡೆಯಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಅಂಕೆ ತೋರಿಸಿತು. ಎಂಜಿನ್ನಿನ ಸ್ಕ್ರೂಗಳ ತಲೆ ನೋಡಿದೆ. ಅವಸರದವರು ಬಿಚ್ಚಿದರೆ ತಲೆ ಕಿತ್ತುಹೋಗಿರುತ್ತದೆ. ಇಲ್ಲಿ ಬಿಚ್ಚಿದ ಗುರುತಿತ್ತು, ಗಾಯವಿರಲಿಲ್ಲ. ಇಷ್ಟು ವರ್ಷ ಒಂದೇ ಕೈ, ಒಂದು ಸಲವೂ ಸಿಟ್ಟು ಮಾಡಿಕೊಳ್ಳದೆ ಕೆಲಸ ಮಾಡಿತ್ತು. ನಾನೂ ವರ್ಕ್‌ಶಾಪ್ ನಡೆಸಿದವನು, ನನ್ನ ಕೈಲಿ ಆಗದ ಕೆಲಸ ಇದು. ಆ ತಣ್ಣನೆಯ ನೆಲದ ಮೇಲೆ ಮಲಗಿಕೊಂಡೇ ಆ ಅಜ್ಜಿಗೆ ಮನಸ್ಸಿನಲ್ಲಿ ನಮಸ್ಕಾರ ಹೇಳಿದೆ.

ಸ್ಟಾರ್ಟ್ ಮಾಡಿದಾಗ ಬೆರಿಲ್ ಮಡ್‌ಗಾರ್ಡ್ ಮೇಲೆ ಅಂಗೈ ಇಟ್ಟು ನಿಂತರು. "ಆ ಟಿಕ್ ಟಿಕ್ ಕೇಳ್ತಿದ್ಯಾ? ಅದು ನಿಲ್ಲೋವರೆಗೂ ಕಾಯ್ಬೇಕು. ಅವಸರ ಮಾಡ್ಬಾರ್ದು." ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಬೆರಿಲ್ ಕೈ ತೆಗೆದರು.

ಕೆಲಸ ಮುಗಿದ ಮೇಲೆ, ಕಟ್ಟಳೆಯ ಪ್ರಕಾರ, ಚಹಾ. ಆಗ ಎಲ್ಲವನ್ನೂ ಹೇಳಿದರು. ಕಣ್ಣಿನಿಂದಾಗಿ ಲೈಸೆನ್ಸ್ ಹೋಗಿದೆ. ಮನೆಯೂ ಮಾರಾಟವಾಗಿದೆ, ಹಿರಿಯರಿಗಾಗಿ ಕಟ್ಟಿರುವ ಎರಡು ಕೋಣೆಯ ಮನೆಗೆ ಹೋಗಬೇಕು, ಅಲ್ಲಿ ಷೆಡ್ಡಿಲ್ಲ. ಹಳೆ ಕಾರುಗಳನ್ನು ಕತ್ತರಿಸಿ ಹೊಸ ರೂಪ ಕೊಡುವವನೊಬ್ಬ ಬಂದು ನೋಡಿ ಹೋಗಿದ್ದಾನೆ. ಎಂಜಿನ್ ಕಿತ್ತು ಹೊಸದು ಹಾಕುತ್ತಾನೆ, ಮೇಲಿನ ಚಾವಣಿ ಕೊಯ್ದು ತಗ್ಗಿಸುತ್ತಾನೆ. ಬೇರೆ ಯಾರೂ ಕೊಳ್ಳದಿದ್ದರೆ ಬರುವ ಸೋಮವಾರ ಅವನ ಟ್ರಕ್ಕು ಬರುತ್ತದೆ.

"ಕೆಟ್ಟವನೇನಲ್ಲ ಅವನು" ಎಂದರು ಬೆರಿಲ್. "ಅವನಿಗೆ ಬೇಕಾಗಿರೋದು ಚಿಪ್ಪು, ಅಷ್ಟೇ. ಒಳಗಿರೋದನ್ನ ಏನ್ ಮಾಡ್ತಾನೆ ಅಂತ ನಾನು ಕೇಳ್ಲಿಲ್ಲ." ಕಪ್ಪನ್ನು ತಟ್ಟೆಯ ಮೇಲಿಡಲು ಹೋಗಿ ಅಂಚಿಗೆ ತಗುಲಿಸಿದರು, ಚಹಾ ಚೆಲ್ಲಿತು.

ನಾನು ನನ್ನ ಕಾರಿನಲ್ಲಿ ಕೂತು ಟ್ಯಾಬ್ಲೆಟ್ ತೆರೆದೆ. ಏರ್‌ಬ್ಯಾಗ್ ಇದೆಯೇ? ಇಲ್ಲ, ಕೆಂಪು. ಭುಜದ ಬೆಲ್ಟ್? ಕೆಂಪು. ಈಗಿನ ಕಾಲದ ಬ್ರೇಕ್? ಕೆಂಪು. ಆ ಕಾರು ಹುಟ್ಟಿದಾಗ ಇಲ್ಲದಿದ್ದ ವಸ್ತುಗಳನ್ನೆಲ್ಲ ಅದು ಕೇಳುತ್ತಾ ಹೋಯಿತು, ನಾನು ಒತ್ತುತ್ತಾ ಹೋದೆ. ಪ್ರತಿಯೊಂದೂ ನಿಜವೇ, ಆದರೆ ಒಟ್ಟಿಗೆ ನೋಡಿದರೆ ಅದು ಆ ಕಾರೇ ಅಲ್ಲ. ಕೊನೆಯ ಪುಟದಲ್ಲಿ 'ಇತರೆ' ಎಂಬ ಖಾಲಿ ಜಾಗವೊಂದಿತ್ತು, ನಾವ್ಯಾರೂ ಅಲ್ಲಿ ಏನೂ ಬರೆಯುತ್ತಿರಲಿಲ್ಲ. ಆವತ್ತು ಅರ್ಧ ಮಧ್ಯಾಹ್ನ ಕೂತು ಬರೆದೆ. ಪೆಡಲಿನ ಗೆರೆ, ಬಾಗಿಲಿನ ಕ್ಲಿಕ್, ಸ್ಕ್ರೂಗಳ ತಲೆ. ಇದನ್ನು ಕಾಪಾಡಿದ್ದು ಮಾಲೀಕರ ಸ್ವಂತ ಕೈ, ನಾನು ಕಂಡ ಕಾರುಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ ಎಂದು ಸೇರಿಸಿದೆ.

ಸಂಜೆ ಮ್ಯಾನೇಜರ್ ಬ್ರೆಂಡನ್ ಫೋನ್ ಮಾಡಿದ. ನನ್ನ ಅರ್ಧ ವಯಸ್ಸಿನವನು, ಟ್ಯಾಬ್ಲೆಟ್ ತಂದವನೇ ಅವನು. "ಇದೇನು, ಪ್ರಬಂಧ ಬರೆದಿದ್ದೀಯ?" ಎಂದ.

"ಕಂಡದ್ದು ಬರೆದಿದ್ದೀನಿ."

"ಕಂಡದ್ದೇ ಆದ್ರೆ ಇರ್ಲಿ, ತೆಗೀಬೇಡ" ಎಂದು ಫೋನಿಟ್ಟ. ಅವನ ವಿಷಯದಲ್ಲಿ ಅಲ್ಲಿಯವರೆಗೆ ನಾನು ಬೈದುಕೊಂಡಿದ್ದನ್ನೆಲ್ಲ ವಾಪಸ್ ತೆಗೆದುಕೊಂಡೆ.

ಮರುದಿನ ಸುಹಾಸನ ಫೋನು. ನಮ್ಮವರ ಪದ್ಧತಿ ನಿಮಗೆ ಗೊತ್ತಿರಬೇಕು. ರಿಪೋರ್ಟಿಗೆ ದುಡ್ಡು ಕೊಟ್ಟಿರುತ್ತಾರೆ, ಅದನ್ನು ಅರ್ಧ ಓದಿ ಬದಿಗಿಟ್ಟು, ಬರೆದವನು ಕನ್ನಡದವನೆಂದು ಗೊತ್ತಾದ ಕೂಡಲೇ ನಿಜವಾದ ಅಭಿಪ್ರಾಯ ಕೇಳಲು ಫೋನ್ ಮಾಡುತ್ತಾರೆ.

"ಅಂಕಲ್, ಫುಲ್ ಕೆಂಪು ಇದೆಯಲ್ಲ! ನನ್ ವೈಫ್ ನೋಡ್ಬಿಟ್ಟು ನಗ್ತಿದ್ದಾಳೆ. ರಿಪೋರ್ಟ್ ಬಿಡಿ, ನಿಮ್ ಮಗನೇ ಆಗಿದ್ರೆ ಏನ್ ಹೇಳ್ತಿದ್ರಿ? ತಗೊಳ್ಲಾ, ಬೇಡ್ವಾ?"

ಬೆರಿಲ್ ಚಹಾ ಚೆಲ್ಲಿದ್ದು ನೆನಪಾಯಿತು. ತಗೋ ಮಾರಾಯ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ನನ್ನ ಆಸೆ ಹೇಳಿದಂತೆ, ಕಾರಿನ ವಿಷಯ ಹೇಳಿದಂತಲ್ಲ. "ತಗೋ ಅಂತ್ಲೂ ಹೇಳಲ್ಲ, ಬೇಡ ಅಂತ್ಲೂ ಹೇಳಲ್ಲಪ್ಪ" ಎಂದೆ. "ಕೊನೇ ಪುಟ ಓದಿದ್ಯಾ?"

"ಕೊನೇ ಪುಟ ಯಾರ್ ಓದ್ತಾರೆ ಅಂಕಲ್?"

"ಓದು. ಓದಿ, ಬಂದು ಕಣ್ಣಾರೆ ನೋಡು. ಸೋಮವಾರದ ಒಳಗೆ."

ಶನಿವಾರ ಬೆಳಗ್ಗೆ ಸುಹಾಸ್ ವಿಮಾನ ಇಳಿದು ಬಂದ. ನನಗೆ ಅಲ್ಲಿ ಕೆಲಸವಿರಲಿಲ್ಲ, ಆದರೂ ನಾನೇ ಕರೆದುಕೊಂಡು ಹೋದೆ. ಷೆಡ್ಡಿನ ಬಾಗಿಲು ತೆರೆಯಿತು. ಬೆಂಗಳೂರಿನ ಹುಡುಗ, ದಾರಿಯುದ್ದಕ್ಕೂ ಎಡೆಬಿಡದೆ ಮಾತಾಡಿಕೊಂಡು ಬಂದವನು, ಕಾರಿನ ಸುತ್ತ ಮೆಲ್ಲಗೆ ಒಂದು ಸುತ್ತು ಹಾಕಿದ. ಆಮೇಲೆ "ಅಂಕಲ್, ಇದು ಬೇಕೇ ಬೇಕು" ಎಂದು ಪಿಸುಗುಟ್ಟಿದ. ಬೆರಿಲ್‌ಗೆ ಭಾಷೆ ಗೊತ್ತಾಗದಿದ್ದರೂ ವಿಷಯ ಗೊತ್ತಾಯಿತು, ಮುಖ ಅರಳಿತು.

ಅವನು ಆಗ ಒಂದು ಫೋಟೋ ತೆಗೆದು ಬೆಂಗಳೂರಿನಲ್ಲಿದ್ದ ತಾಯಿಗೆ ಕಳಿಸಿದ. ಕ್ಷಣದಲ್ಲಿ ವಿಡಿಯೋ ಕಾಲ್ ಬಂತು. ಸರೋಜಮ್ಮ ಎಂದು ಅವರ ಹೆಸರು.

"ಇವತ್ತು ಅಮಾವಾಸ್ಯೆ ಕಣೋ! ಇವತ್ತು ಗಾಡಿ ಮಾತಾಡ್ತಾರಾ? ನಾಳೆ ಮಧ್ಯಾಹ್ನದವರೆಗೂ ಇದೆ. ಸೋಮವಾರ ಒಂಬತ್ತರ ಮೇಲೆ ರಾಹುಕಾಲ ಕಳೀಲಿ, ಆಗ ತಗೋ." ಯಾವ ಊರಿನ ಒಂಬತ್ತು ಎಂದು ನಾನು ಕೇಳಲು ಹೋಗಲಿಲ್ಲ.

ಸುಹಾಸನ ಮುಖ ಬಿಳಿಚಿತು. ಬೇರೆ ವಿಷಯದಲ್ಲಿ ಅಮ್ಮನ ಮಾತನ್ನು ಎಷ್ಟು ಸಲ ಮೀರಿದ್ದನೋ, ಇದರಲ್ಲಿ ಅವನಿಗೆ ಧೈರ್ಯವಿರಲಿಲ್ಲ. ಬೆರಿಲ್ "ಏನಾಯ್ತು?" ಎಂದರು. ಅವನು ಇಂಗ್ಲಿಷಿನಲ್ಲಿ ತಡವರಿಸುತ್ತಾ, ಸೋಮವಾರ ಬಂದು ಖಂಡಿತ ತಗೊಳ್ತೀನಿ ಎಂದ. ಅರಳಿದ್ದ ಮುಖ ಹಾಗೆಯೇ ಮುಚ್ಚಿಕೊಂಡಿತು. "ಸೋಮವಾರ ಬರ್ತೀನಿ ಅಂದೋರು ಬಹಳ ಜನ" ಎಂದು ಬೆರಿಲ್ ಷೆಡ್ಡಿನ ಬಾಗಿಲಿಗೆ ಕೈ ಹಾಕಿದರು.

ಬಾಗಿಲು ಮುಚ್ಚಿದರೆ ಮುಗಿಯಿತು ಎಂದು ನನಗೆ ದಿಗಿಲಾಯಿತು. ಫೋನನ್ನು ಸುಹಾಸನ ಕೈಯಿಂದ ಕಿತ್ತುಕೊಂಡೆ. "ಅಮ್ಮಾ, ಗಾಡಿ ಇಟ್ಕೊಂಡಿರೋರು ಇವರೇ. ನಿಮ್ಮ ಮಗ ನೆಪ ಹೇಳ್ತಿದ್ದಾನೆ ಅಂದ್ಕೊಂಡಿದ್ದಾರೆ. ನೀವೇ ಹೇಳಿ, ನಾನು ಇಂಗ್ಲಿಷಲ್ಲಿ ಹೇಳ್ತೀನಿ" ಎಂದು ಪರದೆಯನ್ನು ಬೆರಿಲ್ ಕಡೆಗೆ ತಿರುಗಿಸಿದೆ. ಬೆರಿಲ್ ಓರೆಯಾಗಿ ನೋಡಿದರು. ಸರೋಜಮ್ಮ ಸೆರಗು ಸರಿಮಾಡಿಕೊಂಡರು.

"ಅವರಿಗೆ ಹೇಳಿ, ಗಾಡಿ ನಮ್ದೇ ಅಂತ" ಎಂದರು. "ನಮ್ಮ ಹುಡುಗ ಮಾತು ತಪ್ಪಲ್ಲ. ಆದ್ರೆ ಇಷ್ಟು ವರ್ಷ ಅಷ್ಟು ಜೋಪಾನವಾಗಿ ಇಟ್ಕೊಂಡಿರೋದನ್ನ ಹೆಂಗೆಂಗೋ ಎಳ್ಕೊಂಡ್ ಬರೋಕಾಗಲ್ಲ. ಮನೆಗೆ ಸೊಸೆ ಬರೋ ಹಾಗೆ ಒಳ್ಳೇ ದಿನ ನೋಡಿ ಬರ್ಬೇಕು."

ಒಂದು ಮಾತೂ ಬಿಡದೆ ಹೇಳಿದೆ. ಬೆರಿಲ್ ಬಾಗಿಲಿನ ಮೇಲಿನ ಕೈ ತೆಗೆಯದೆ ಕೇಳಿಸಿಕೊಂಡರು. "ಅಂದ್ರೆ ದಿನ ನೋಡ್ತಿರೋದು ಹುಡುಗನಿಗಲ್ಲ, ಕಾರಿಗಾ?" ಎಂದು ನನ್ನನ್ನೇ ಕೇಳಿದರು.

"ಇಬ್ಬರಿಗೂ" ಎಂದೆ.

"ಬಂದೋರೆಲ್ಲ ಎಷ್ಟು ಕಡಿಮೆ ಮಾಡ್ತೀಯ ಅಂತ ಕೇಳಿದ್ರು. ಇದಕ್ಕೆ ಯಾವ ದಿನ ಒಳ್ಳೇದು ಅಂತ ಯಾರೂ ಕೇಳಿರ್ಲಿಲ್ಲ." ಬೆರಿಲ್ ಒಳಗಿಂದ ಫೋನು ತಂದು, ನಮ್ಮ ಎದುರಿಗೇ ಆ ಕತ್ತರಿಸುವವನಿಗೆ ಫೋನ್ ಮಾಡಿ, ಟ್ರಕ್ಕು ಬೇಡ, ಕಾರು ಹೋಯ್ತು ಎಂದರು. ಒಂದು ಡಾಲರ್ ಕೈ ಬದಲಾಗಿರಲಿಲ್ಲ. ಇಷ್ಟು ವರ್ಷದ ಉದ್ಯೋಗದಲ್ಲಿ ನೂರಾರು ವ್ಯಾಪಾರ ನೋಡಿದ್ದೇನೆ, ಅಮಾವಾಸ್ಯೆ ಕುದುರಿಸಿದ ವ್ಯಾಪಾರ ಅದೊಂದೇ.

ಸುಹಾಸ್ ವಾಪಸ್ ಟಿಕೆಟ್ ಬದಲಾಯಿಸಿ ನಮ್ಮ ಮನೆಯಲ್ಲೇ ಉಳಿದ. ಸೋಮವಾರ ನಿಂಬೆಹಣ್ಣು ತರಲು ಅಂಗಡಿಗೆ ಹೊರಟವನನ್ನು ಬೆರಿಲ್ ತಡೆದು, ತಮ್ಮ ಮರದಿಂದಲೇ ನಾಲ್ಕು ಕಿತ್ತು ಕೊಟ್ಟರು. ಚಕ್ರಕ್ಕೊಂದರಂತೆ ಇಟ್ಟ. ಬೆಂಗಳೂರಿನಿಂದ ಸರೋಜಮ್ಮ ಫೋನಿನಲ್ಲಿ ನೋಡುತ್ತಿದ್ದರು. ಮಹಾರಾಯ, ನೀರಲ್ಲಿ ಕಲಸಿದ ಕುಂಕುಮವನ್ನು ನೇರ ಬಾನೆಟ್ಟಿಗೆ ಹಚ್ಚಲು ಹೋದ! ಅರವತ್ತರ ದಶಕದ ಬಣ್ಣಕ್ಕೆ ಅದು ತಗುಲಿದರೆ ಜನ್ಮದಲ್ಲಿ ಹೋಗುವುದಿಲ್ಲ. ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು. ಕುಂಕುಮ ಗಾಜಿನ ಮೇಲೆ ಬಿತ್ತು. ಬೆರಿಲ್ ಕೀಲಿಕೈ ಕೊಟ್ಟು, "ಟಿಕ್ ಟಿಕ್ ನಿಲ್ಲೋವರೆಗೂ ಕಾಯಿ" ಎಂದಷ್ಟೇ ಹೇಳಿದರು.

ಲಾರಿಯಲ್ಲಿ ಬ್ರಿಸ್ಬೇನಿಗೆ ಕಳಿಸಲು ಟ್ರಾನ್ಸ್‌ಪೋರ್ಟ್ ಯಾರ್ಡಿನವರೆಗೆ ಓಡಿಸಿಕೊಂಡು ಹೋಗಬೇಕಿತ್ತು. ಸುಹಾಸ್ ಅಭ್ಯಾಸಬಲದಿಂದ ಬಲಗಡೆಯ ಬಾಗಿಲು ತೆಗೆದು ಕೂತ. ನೋಡಿದರೆ ಸ್ಟೀರಿಂಗೇ ಇಲ್ಲ. ಅಮೆರಿಕದ ಕಾರಲ್ಲವೇ, ಡ್ರೈವರ್ ಎಡಗಡೆ. ನಾಚಿಕೊಂಡು ಇಳಿದು ಆ ಕಡೆ ಹೋದ. ಬಲಗಡೆಯ ಬಾಗಿಲು ತೆರೆದೇ ಇತ್ತು.

"ಆಂಟಿ, ನೀವೂ ಬನ್ನಿ" ಎಂದ.

ಬೆರಿಲ್ ಆ ಖಾಲಿ ಸೀಟನ್ನು ನೋಡುತ್ತಾ ನಿಂತರು. "ಇಲ್ಲಿ ನಾನು ಯಾವತ್ತೂ ಕೂತಿಲ್ಲ" ಎಂದರು. ಆಮೇಲೆ ಕೂತರು. ನಾನು ಹಿಂದೆ ಹತ್ತಿದೆ.

ನಿಂಬೆಹಣ್ಣುಗಳು ಚಕ್ರದಡಿ ಚಪ್ಪಟೆಯಾದವು, ವ್ಯಾಗನ್ ಬೀದಿಗಿಳಿಯಿತು. ಬೆರಿಲ್ ಎಂಜಿನ್ನನ್ನೇ ಕೇಳಿಸಿಕೊಳ್ಳುತ್ತಿದ್ದರು, ಬಲಗಾಲು ಮಾತ್ರ ಆಗಾಗ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಶಾಪಿಂಗ್ ಸೆಂಟರಿನ ಮುಂದೆ ಸಿಗ್ನಲ್ ಕೆಂಪಾಯಿತು. ಬಲಗಡೆ ಬಂದು ನಿಂತ ಕಾರಿನಲ್ಲಿ ಒಂದು ಪುಟ್ಟ ಹುಡುಗಿ. ಈ ದೇಶದಲ್ಲಿ ಬಲಗಡೆ ಕೂತವರೇ ಡ್ರೈವರ್. ಬೆಳ್ಳಿಗೂದಲಿನ ಅಜ್ಜಿ ಇಷ್ಟು ದೊಡ್ಡ ನೀಲಿ ಕಾರು ಓಡಿಸುತ್ತಿದ್ದಾರೆಂದು ಮಗು ಕಣ್ಣರಳಿಸಿ, ಗಾಜಿಗೆ ಮೂಗೊತ್ತಿ ಜೋರಾಗಿ ಕೈ ಬೀಸಿತು.

ಪಕ್ಕದ್ದು ಬೆರಿಲ್‌ಗೆ ಚೆನ್ನಾಗಿ ಕಾಣುತ್ತದೆ. ಅವರು ನಗುತ್ತಾ ಎರಡೂ ಕೈಯನ್ನು ಮೇಲೆತ್ತಿ ತೋರಿಸಿದರು. ಮಗುವಿನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಸಿಗ್ನಲ್ ಹಸಿರಾಯಿತು.

"ಹೊರಡು, ಲವ್" ಎಂದರು ಬೆರಿಲ್, ಕೈ ಇಳಿಸದೆ. ಸುಹಾಸ್ ಹೊರಟ.